ಬೀಗದ ಕೈ ನನ್ನದು

ಬೀಗದ ಕೈ ನನ್ನದು. ಅದಕ್ಕೇ ಎಲ್ಲರಿಗಿಂತ ಮೊದಲು ಬಂದು
ಚರ್ಚಿನ ನೆಲಮಾಳಿಗೆಯ ದೀಪ ಹಾಕುವವಳೂ ನಾನೇ.
ಹೀಟರು ಗೊಣಗಿ ಗೊಣಗಿ ಕೊನೆಗೆ ಒಪ್ಪಿಕೊಳ್ಳುವ ಹೊತ್ತಿಗೆ
ಬಾಗಿಲಾಚೆ ಹಿಮ ಕೊಡವುವ ಪುಟ್ಟ ಬೂಟುಗಳ ಸದ್ದು.
ಹತ್ತು ಗಂಟೆಗೆಂದು ಅಂಗಡಿಯ ಗಾಜಿಗೆ ಚೀಟಿ ಅಂಟಿಸಿದ್ದೆವು;
ಒಂಬತ್ತೂವರೆಗೇ ಹನ್ನೊಂದು ಮಕ್ಕಳು, ನಾಲ್ವರು ಅಜ್ಜಿಯರು, ಒಂದು ನಾಯಿ.
ನಾಯಿ ಹೊರಗಿರಲಿ ಎಂದೆ.
ನಾಯಿ ಕೇಳಲಿಲ್ಲ.

ಡಿಸೆಂಬರು ಬಂತೆಂದರೆ ನ್ಯೂಫೌಂಡ್‌ಲ್ಯಾಂಡಿನ ಈ ನಮ್ಮ ಕೊಲ್ಲಿಯಲ್ಲಿ
ಜನ ಮುಖ ಮುಚ್ಚಿಕೊಂಡು ಮನೆಮನೆ ತಿರುಗುತ್ತಾರೆ.
ಗಂಡಸು ಲಂಗ ತೊಟ್ಟು, ಹೆಂಗಸು ಗಂಡನ ಕೋಟಿನೊಳಗೆ ದಿಂಬು ತುರುಕಿ,
ಉಸಿರು ಒಳಗೆಳೆದುಕೊಂಡೇ ಮಾತಾಡುತ್ತ
(ದನಿಯ ಗುರುತು ಹತ್ತಬಾರದಲ್ಲ!)
ಯಾರಾದರೂ ಹೆಸರು ಹಿಡಿದರೋ, ಮುಗಿಯಿತು:
ಮುಸುಕು ತೆಗೆಯಬೇಕು, ಕೊಟ್ಟ ಕೇಕು ತಿನ್ನಬೇಕು.
ಮೆರವಣಿಗೆಯ ಮುಂದೆ ಕುದುರೆ ಬೇಕು. ಕೋಲಿನ ತುದಿಗೆ ಮರದ ತಲೆ,
ದಾರ ಎಳೆದರೆ ಫಟ್ಟೆಂದು ಮುಚ್ಚುವ ದವಡೆ.
ಇವತ್ತಿನ ಕೆಲಸ ಅದೇ.

ಸೆಲ್ಬಿ ವಾರವಿಡೀ ಕೂತು ಮರದ ತುಂಡು ಕೊಯ್ದಿದ್ದ.
ಕಡಲಲ್ಲಿ ಮೀನು ಮುಗಿದ ವರ್ಷದಿಂದ ಅವನ ದೋಣಿ ಹಿತ್ತಲಲ್ಲಿ ಬೋರಲು;
ಮಾತೂ ಹಾಗೆಯೇ. ಮೊಳೆ ಕೇಳಿದರೆ ಮೊಳೆ ಕೊಡುತ್ತಾನೆ,
ಬದಲು ಕೊಡುವುದಿಲ್ಲ. ಆದರೆ ಮಕ್ಕಳು ಬಿಡಬೇಕಲ್ಲ.
"ಕುದುರೆಗೆ ಹಲ್ಲೆಷ್ಟು, ಸೆಲ್ಬಿ?"
"ಮೊಳೆ ಇದ್ದಷ್ಟು."
ಆರು ವರ್ಷದ ಕೀಗನ್‌ಗೆ ಮುಂದಿನ ಎರಡು ಹಲ್ಲಿಲ್ಲ.
ನನ್ನ ಕುದುರೆಗೂ ಅಲ್ಲಿ ಬೇಡ, ಅಂದ.
ಸೆಲ್ಬಿ ಸುತ್ತಿಗೆ ಕೆಳಗಿಟ್ಟ. ತುಸು ಹೊತ್ತು ನೋಡಿದ.
ಆಮೇಲೆ ತನ್ನ ಬಾಯಿ ಅಗಲಿಸಿ ತೋರಿಸಿದ:
ಅಲ್ಲೂ ಅದೇ ಜಾಗ ಖಾಲಿ.
ಎಷ್ಟು ನಕ್ಕರೆಂದರೆ ನಾಯಿ ಎದ್ದು ಬೊಗಳಿತು.

ವರ್ನಾ ಹಳೆಯ ಬಲೆ ಬಿಚ್ಚಿ ಕೇಸರ ಹೆಣೆದಳು, ಉಪ್ಪಿನ ವಾಸನೆ ಸಮೇತ.
ಮೂಲೆಯಲ್ಲಿ ಟೆಗನ್ ಅಪ್ಪನ ಕಿತ್ತಳೆ ಬಣ್ಣದ ಕೈಗವಸು ತಂದು
ಕಿವಿಗೆಂದು ಕತ್ತರಿಸಿಯೇಬಿಟ್ಟಿದ್ದಳು. ಅಪ್ಪ ದೂರದ ಎಣ್ಣೆ ಬಾವಿಯಲ್ಲಿ,
ಮೂರು ವಾರ ಅಲ್ಲಿ, ಒಂದು ವಾರ ಇಲ್ಲಿ.
ಬೈಗುಳ ಬಂತೆಂದೇ ನಾವೆಲ್ಲ ತಲೆ ತಗ್ಗಿಸಿದೆವು.
ಅವರಮ್ಮ ಉಳಿದೊಂದು ಕೈಗವಸನ್ನು ತಿರುಗಿಸಿ ಮುರುಗಿಸಿ ನೋಡಿ
ತಾನೇ ಕತ್ತರಿ ತೆಗೆದುಕೊಂಡಳು.
"ಕಿವಿ ಎರಡೂ ಒಂದೇ ಅಳತೆ ಇರಲಿ," ಅಂದಳು, ಅಷ್ಟೇ.

ನಾಲ್ಕು ಗಂಟೆಗೆಲ್ಲ ಕತ್ತಲು. ಕುದುರೆಗಳು ಹೊರಟವು,
ಒಂದಕ್ಕೆ ಬಾಟಲಿ ಮುಚ್ಚಳದ ಕಣ್ಣು, ಒಂದಕ್ಕೆ ಕಣ್ಣೇ ಇಲ್ಲ,
ಗೋಂದು ಹಸಿಹಸಿ. ಫಟ್ ಫಟ್ ಫಟ್ ಎಂದು ಬಂದರಿನ ದಾರಿ ತುಂಬ.
ನಾನೂ ಬಿಡಲಿಲ್ಲ. ಮುಖಕ್ಕೆ ಕಿಟಕಿಯ ಜಾಲರಿ ಪರದೆ,
ಹೊಟ್ಟೆಗೆ ಎರಡು ದಿಂಬು, ತೀರಿಹೋದ ವಿಲ್ಫ್‌ನ ಬೂಟು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಕುಂಟುತ್ತ ಹೋದೆ. ಅಂಚೆಮನೆಯವಳು ನನ್ನನ್ನು ಹೆಡ್ಲಿ ಎಂದಳು,
ಹೆಡ್ಲಿ ನನ್ನನ್ನು ಪಾದ್ರಿ ಎಂದ!
ಅರವತ್ತೆಂಟು ವರ್ಷ ಇದೇ ಊರಲ್ಲಿ ಸವೆದವಳು
ಒಂದು ಸಂಜೆಯ ಮಟ್ಟಿಗೆ ಯಾರೂ ಅಲ್ಲ.
ಎಂಥ ಹಗುರ ಅಂತೀರಿ.

ಆಗ ಯಾರೋ ಪರದೆಯ ತುದಿ ಜಗ್ಗಿದರು.
"ಡಲ್ಸಿ ಆಂಟಿ, ಉಚ್ಚೆ ಬರ್ತಿದೆ. ಬಾಗಿಲು ತೆಗೀರಿ."
ಕೀಗನ್. ಹೇಗೆ ಗೊತ್ತಾಯಿತೋ ನಿನಗೆ, ಎಂದರೆ
ನನ್ನ ಸೊಂಟದ ಕಡೆ ಬೆರಳು ಮಾಡಿದ.
ಹೆಜ್ಜೆಹೆಜ್ಜೆಗೂ ಝಣಝಣ, ಹದಿನಾಲ್ಕು ಕೀಲಿಕೈ.

ನಿಯಮ ನಿಯಮವೇ. ಮೊದಲು ಮುಸುಕು ತೆಗೆದೆ,
ಆಮೇಲೆ ಬೀಗ.
"ಇದನ್ನ ಹಿಡ್ಕೊಳ್ಳಿ," ಎಂದು ಕುದುರೆಯನ್ನು ನನ್ನ ಕೈಗಿತ್ತು
ಒಳಕ್ಕೆ ಓಡಿದ.
ಮೆಟ್ಟಿಲ ಮೇಲೆ ನಿಂತೆ. ಮೆರವಣಿಗೆ ತಿರುವು ದಾಟಿತ್ತು.
ದಾರ ಎಳೆದು ನೋಡಿದೆ. ಫಟ್.
ಅತ್ತಿತ್ತ ನೋಡಿ
ಇನ್ನೊಮ್ಮೆ ಎಳೆದೆ.