ಒಂದೇ ಗೊಂಚಲು

ಚಿಲೋಯೆ ದ್ವೀಪದ ನಮ್ಮ ಅಗ್ನಿಶಾಮಕ ಠಾಣೆಯಲ್ಲಿ
ಎಲ್ಲರೂ ಬಿಟ್ಟಿ ದುಡಿವವರೇ.
ಎರ್ಮಿನಿಯಾ ಕಾರ್ಕಮೊ ಮಾತ್ರ
ನಾಯಕಿ, ಖಜಾಂಚಿ, ಕಾರ್ಯದರ್ಶಿ.

ಹೊಸ ಪೈಪು ಬೇಕೆಂದು ತಾನೇ ಬರೆದು,
ದುಬಾರಿಯಾಯಿತೆಂದು ತಾನೇ ಗೊಣಗಿ,
ತಾನೇ ಮಂಜೂರು ಮಾಡಿ
ಮೂರು ಕಡೆ ರುಜು:
ಒಂದೇ ಪೆನ್ನು, ಒಂದೇ ವಾರೆ ಅಕ್ಷರ.

ಒಂದು ಪೆಸೊ ಹೆಚ್ಚುಕಮ್ಮಿಯಾಗಿಲ್ಲ, ಒಪ್ಪಿದೆ.
ಆದರೆ ಅವಳು ಕಾಸ್ತ್ರೊದಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದ ಮಧ್ಯಾಹ್ನ
ಮೀನುಗಾರ ಅರ್ತೆಮಿಯೊನ ಅಡುಗೆಮನೆ ಹೊತ್ತಿಕೊಂಡಿತು;
ಕೀಲಿಗೊಂಚಲು ಅವಳ ಸೊಂಟದಲ್ಲಿ.
ಬಕೆಟ್ಟಿನಲ್ಲಿ ಸಮುದ್ರ ಹೊತ್ತೆವು ನಾವು.

ಸಭೆಯಲ್ಲಿ, ಊದಿದ ದವಡೆಯಲ್ಲೇ,
ಗೊಂಚಲು ಮೇಜಿನ ಮೇಲಿಟ್ಟಳು:
"ತಗೊಳ್ಳಿ, ಯಾರಾದರೂ."
ಬೈಯಲೆಂದೇ ಬಂದಿದ್ದ ಹದಿನೇಳು ಮಂದಿ
ಸೂರು ನೋಡಿದೆವು.
ಒಲೆಯ ಮೇಲೆ ಕೆಟಲು ಕುದಿದೂ ಕುದಿದೂ
ಯಾರೂ ಎದ್ದು ಆರಿಸಲಿಲ್ಲ.