ಹದಿನಾಲ್ಕನೇ ಕಿಲೋಮೀಟರು

ಭಾನುವಾರ ಔಷಧಿ ಅಂಗಡಿಗೆ ಬಾಗಿಲು.
ವಾರವಿಡೀ ಕೆಮ್ಮಿನ, ಕೀಲಿನ, ನಿದ್ದೆಯ ಚೀಟಿ ಓದಿದ ಕಣ್ಣು
ಇವತ್ತು ಜಲ್ಲಿ ಓದುತ್ತದೆ.
ಕ್ಲಬ್ಬಿನವರು ಕೊಟ್ಟ ನಕ್ಷೆಯಲ್ಲಿ
ಹಾರ್ಟ್ಸ್ ಬೆಟ್ಟದ ಬೆನ್ನಿಗೆ ಸುತ್ತಿದ ನೀಲಿ ದಾರ,
ಅರವತ್ತೆರಡು ಕಿಲೋಮೀಟರು.
ಎಲ್ಲಿ ಗಂಟು, ಎಲ್ಲಿ ಹರಿದಿದೆ, ನೋಡಿ ಬಾ ಫ್ರೌಕೆ,
ಮೇ ತಿಂಗಳಿಗೆ ಹೊರಗಿನವರು ಬರುತ್ತಾರೆ.

ಮೊದಲು ಕಾಲುವೆಯ ದಂಡೆ.
ಗಣಿಗೆಂದು ಅಗೆದದ್ದು; ಬೆಳ್ಳಿ ಮುಗಿದ ಸುದ್ದಿಯನ್ನು
ನೀರಿಗೆ ಯಾರೂ ಹೇಳಿಲ್ಲ.
ಏರೂ ಅಲ್ಲದ ಇಳಿಜಾರೂ ಅಲ್ಲದ ಅದರ ಹದದಲ್ಲಿ
ಚಕ್ರಕ್ಕೂ ಸುಖ.

ಆಮೇಲೆ ಗಡಿ. ಅಂದರೆ, ಗಡಿಯಿದ್ದ ಜಾಗ.
ಕಾವಲು ಜೀಪಿಗೆ ಹಾಸಿದ ತೂತುತೂತು ಕಾಂಕ್ರೀಟು,
ತೂತಿನಲ್ಲಿ ಹುಲ್ಲು.
ಹಲ್ಲಿಗೆ ಹಲ್ಲು ಬಡಿದು, ಹ್ಯಾಂಡಲ್ಲಿನ ಗಂಟೆ ತಾನೇ ಬಾರಿಸಿಕೊಂಡು,
ಆಚೆ ಬದಿಯಲ್ಲಿದ್ದ ಚಿಕ್ಕಮ್ಮನ ಹೆಸರು ಹೇಳಹೋದರೂ
ತೊದಲು.
ಟಿಪ್ಪಣಿ ಬರೆದೆ: ಕೈ ಜೋಮು ಹಿಡಿಯುತ್ತದೆ. ಬದಲಿ ದಾರಿ ಇಲ್ಲ.

ಹದಿನಾಲ್ಕಕ್ಕೆ ಬಂದರೆ
ನಕ್ಷೆ ಹೇಳುತ್ತದೆ, ನುಣುಪು ಜಲ್ಲಿ, ಕಾಡಿನ ನೆರಳು.
ಎಲ್ಲಿಯ ನೆರಳು?
ಸ್ಪ್ರೂಸ್ ಮರಗಳು ನಿಂತಲ್ಲೇ ಬಿಳಿಚಿಕೊಂಡಿವೆ,
ಗೋಧಿಕಾಳಿಗಿಂತ ಚಿಕ್ಕ ಹುಳ
ತೊಗಟೆಯೊಳಗೆ ಕೂತು ಇಡೀ ಬೆಟ್ಟ ಮುಗಿಸಿದೆ.
ದಿಮ್ಮಿ ಲಾರಿಗಳು ದಾರಿಯನ್ನು ಉತ್ತು,
ಹಳ್ಳಕ್ಕೆ ಮುಷ್ಟಿ ಗಾತ್ರದ ಕಲ್ಲು ಸುರಿದು ಹೋಗಿವೆ.
ಮುಂದಿನ ಚಕ್ರ ಜಾರಿತು,
ಎದೆ ಝಲ್ಲೆಂದಿತು.

"ಗಾಳಿ ಜಾಸ್ತಿಯಾಯ್ತು."
ದಿಮ್ಮಿಯ ರಾಶಿಯ ಮೇಲೆ ಒಬ್ಬ ಮುದುಕ,
ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ.
ಇಳಿದು ಬಂದು, ಕೇಳದೆ, ಟೈರನ್ನು ಹೆಬ್ಬೆರಳಲ್ಲಿ ಒತ್ತಿದ
ಬ್ರೆಡ್ಡು ಬೆಂದಿದೆಯೇ ಎಂದು ನೋಡುವವರ ಹಾಗೆ.
ಹೆಸರು ಓಟ್‌ಫ್ರೀಡ್. ರೋಡ್ ರೋಲರ್ ಓಡಿಸುತ್ತಿದ್ದನಂತೆ.
"ಇದು ನನ್ನ ಜಲ್ಲಿ" ಎಂದ,
ನನ್ನ ಹಸು ಎನ್ನುವಷ್ಟು ಸಲೀಸಾಗಿ.
"ಮೇಲಿನ ಈ ಕಲ್ಲಲ್ಲ, ಇದು ಯಾವನದೋ. ಅಡಿಯದು."
ಬೂಟಿನ ಮೊನೆಯಲ್ಲಿ ಕೆದಕಿ ತೋರಿಸಿದ:
ಬೂದುಗಪ್ಪು, ಮೂಲೆ ಸವೆದ ಒಂದು ಚೂರು.

ಎಪ್ಪತ್ತೆರಡರ ನವೆಂಬರಿನಲ್ಲಿ ಬಿರುಗಾಳಿ
ಒಂದೇ ಬೆಳಗ್ಗೆ ಮಲಗಿಸಿದ ಮರಗಳನ್ನು ಎಳೆಯಲು
ಈ ದಾರಿ ಬಂತು.
ಹುಳ ನಿಲ್ಲಿಸಿಯೇ ಕೊಂದದ್ದನ್ನು ಎಳೆಯಲು
ಈಗ ಅಗಲವಾಗಿದೆ.
ನಾನು ಇಷ್ಟು ವರ್ಷ ಅಂದುಕೊಂಡಿದ್ದೆ, ದಾರಿಯೆಂದರೆ
ಯಾರೋ ಎಲ್ಲಿಗೋ ಹೋಗಲೆಂದು ಮಾಡಿದ್ದು ಅಂತ.

"ಹಳೇ ಐವತ್ತು ಫೆನ್ನಿಗ್ ನಾಣ್ಯ ನೆನಪಿದೆಯಾ?
ಮಂಡಿಯೂರಿ ಸಸಿ ನೆಡುವ ಹೆಂಗಸು?
ಅವಳದು ಓಕ್, ನನ್ನ ಇರ್ಮ್‌ಟ್ರೌಟಳದು ಸ್ಪ್ರೂಸ್,
ಅಷ್ಟೇ ವ್ಯತ್ಯಾಸ. ಆ ಇಳಿಜಾರು ಪೂರಾ ಅವಳೇ."
ಬಿಳಿಚಿದ ಇಳಿಜಾರು.
ತಟ್ಟನೆ ಹೊಳೆಯಿತು ನನಗೆ:
ಇ. ಬೋಡೆನ್‌ಷ್ಟೈನ್, ಮಂಡಿನೋವಿಗೆ,
ಎರಡು ಹೊತ್ತು, ಊಟದ ನಂತರ.
ತಿಂಗಳಿಗೊಮ್ಮೆ ನನ್ನ ಕೈಯಿಂದಲೇ ಹೋಗುವ ಡಬ್ಬಿ.
ಹೇಳಲಿಲ್ಲ. ಚೀಟಿಯ ಮಾತು ಚೀಟಿಯೊಳಗೆ.

"ಮರ ಹೋಯಿತು, ಊರು ಕಾಣುತ್ತದೆ.
ನಲವತ್ತು ವರ್ಷದಿಂದ ಕಂಡಿರಲಿಲ್ಲ.
ಅಗೋ ಚರ್ಚು, ಅದರ ಬಲಕ್ಕೆ ಕೆಂಪು ಹೆಂಚು.
ಹನ್ನೊಂದಕ್ಕೆ ಅಡುಗೆಮನೆಯ ಕಿಟಕಿ ತೆಗೆಯುತ್ತಾಳೆ,
ಗಾಜು ಮಿಂಚುತ್ತದೆ. ಆಲೂಗಡ್ಡೆಗೆ ನೀರಿಟ್ಟಳು ಅಂತ ಅರ್ಥ."
ಇಬ್ಬರೂ ನೋಡುತ್ತ ನಿಂತೆವು.
ಹನ್ನೊಂದು ಹತ್ತಾಯಿತು, ಹನ್ನೊಂದು ಹದಿನೈದು.
ಕಾಫಿ ಮುಚ್ಚಳ ಬದಲಾಯಿತು ಕೈಯಿಂದ ಕೈಗೆ.
ಮೋಡ ಸರಿದು, ಒಂದು ಚುಕ್ಕಿ ಬೆಳಕು,
ಸೂಜಿಯ ತುದಿಯಷ್ಟು.
"ತಡ ಮಾಡಿದಳು" ಎಂದು ಗೊಣಗಿ
ಆತ ಇಳಿದು ಹೋದ, ಕಡಿದ ಬುಡಗಳ ನಡುವೆ,
ಯಾರೂ ನೆಡದೆ ಎದ್ದ ಎಳೆ ಬರ್ಚ್ ಗಿಡಗಳನ್ನು
ಕೈಯಿಂದ ಬದಿಗೆ ಸರಿಸುತ್ತ.

ಹದಿನಾಲ್ಕನೇ ಕಿಲೋಮೀಟರು, ಬರೆದೆ: ಇಳಿದು ತಳ್ಳಿ.
ಎಡಕ್ಕೆ ನೋಡಿ ಎಂದು ಸೇರಿಸಿ
ಹೊಡೆದು ಹಾಕಿದೆ.
ಟೈರಿನ ಗಾಳಿ ಎರಡು ಸಲ ಉಸ್ಸೆನಿಸಿ ಬಿಟ್ಟೆ.
ಇನ್ನೂ ನಲವತ್ತೆಂಟಿದೆ.