ಭಾನುವಾರ, ಒಂದರಿಂದ ಎರಡರವರೆಗೆ

ದಲ್ಲಾಳಿ ಫ್ರೆಡ್‌ಹೋಮ್ ಬೂಟು ಕಳಚಿ
ಕಾಲುಚೀಲದಲ್ಲೇ ಒಳಗೆ ಬಂದ.
ಬಚ್ಚಲಮನೆ ಬಾಗಿಲಲ್ಲಿ ನಿಂತು,
ತಡವಾಗಿ ಬಂದ ಡಾಕ್ಟರನ ಹಾಗೆ
ಒಂದು ನಿಮಿಷ ಸುಮ್ಮನಿದ್ದ.
'ಪರ್ನಿಲ್ಲಾ,' ಅಂದ ಆಮೇಲೆ, ಬಹಳ ಮೆತ್ತಗೆ,
'ಇಲ್ಲಿ ಯಾರೂ ಸ್ನಾನವೇ ಮಾಡಿಲ್ಲ
ಅನ್ನಿಸಬೇಕು.'

ಅವನ ಪಟ್ಟಿ ಫ್ರಿಜ್ಜಿನ ಮೇಲಿದೆ.
ಹಲ್ಲುಜ್ಜುವ ಬ್ರಷ್ಷು ಕಾಣಬಾರದು.
ಗುಳಿಗೆ ಕಾಣಬಾರದು. ತೂಕದ ಯಂತ್ರ ಕಾಣಲೇಬಾರದು.
ಕಮೋಡಿನ ಮುಚ್ಚಳ ಮುಚ್ಚಿರಲಿ,
ಇದನ್ನು ಎರಡು ಸಲ ಬರೆದಿದ್ದಾನೆ.
ಬಿಳಿ ಟವೆಲ್ಲು ನಾಲ್ಕು, ಹೊಸವು,
ಮೂರು ಮಡಿಕೆ, ಅಂಚು ಒಳಗೆ.
ಆರ್ಕಿಡ್ ಒಂದು.

ಇರುವವರು ನಾನು, ಮಗಳು. ನಾಲ್ಕು ಯಾರಿಗೆ?
'ಬರುವವರಿಗೆ. ನೋಡುತ್ತಾ ನೋಡುತ್ತಾ
ಮನಸ್ಸಲ್ಲೇ ತಲೆ ಎಣಿಸಿಕೊಳ್ಳುತ್ತಾರೆ.'

ಶನಿವಾರ. ಸುಂಡ್ಸ್‌ವಾಲಿನಲ್ಲಿ ಮಾರ್ಚಿಗೂ ಹಿಮ ಕರಗಿಲ್ಲ.
ವಿನಿಗರ್, ಅಡುಗೆ ಸೋಡಾ, ಸವೆದ ಬ್ರಷ್ಷು ಹಿಡಿದು
ನಾನು ಮಂಡಿಯೂರಿದೆ.
ತಪಾಸಣೆಯವನು ಮೊದಲು ಎತ್ತುವುದೇ
ನೆಲದ ಈ ಜಾಲರಿಯನ್ನಂತೆ.
ಎತ್ತಿದೆ. ಬೆರಳು ಇಳಿಸಿದೆ.
ಬಂತು, ಎಳೆದಷ್ಟೂ ಬಂತು, ಒದ್ದೆ ಇಲಿಯಂಥ ಮುದ್ದೆ:
ನನ್ನ ಕಂದು ಕೂದಲು, ಟಿಂಡ್ರಾಳ ನೀಲಿ,
ತೀರಾ ಅಡಿಗೆ, ಸೋಪಿನ ಜಿಡ್ಡಿನಲ್ಲಿ,
ಕೆಂಚು.

ಹೋಕನ್ ಹೋಗಿ ಎರಡು ವರ್ಷ.
ಮೇಜು ಒಯ್ದ, ದೋಣಿ ಒಯ್ದ,
ಬೆಕ್ಕಿಗಾಗಿ ಜಗಳವಾಡಿ ಅದನ್ನೂ ಒಯ್ದ.
ಇದೊಂದು ಲೆಕ್ಕಕ್ಕೆ ಸಿಕ್ಕಿರಲಿಲ್ಲ.
ಕಾಗದದಲ್ಲಿ ಸುತ್ತಿದೆ,
ಏಕೋ ಎರಡು ಸುತ್ತು ಹೆಚ್ಚೇ ಸುತ್ತಿದೆ.

ಉಳಿದದ್ದು ತೊಟ್ಟಿಯ ಮಗ್ಗುಲ ಗೀಟು.
ಅವನು ಕೊನೆಯ ಪೆಟ್ಟಿಗೆ ಹೊತ್ತ ರಾತ್ರಿ
ಟಿಂಡ್ರಾ, ಆಗ ಹದಿನಾಲ್ಕು, ಬಾಗಿಲು ಹಾಕಿಕೊಂಡು
ತಲೆಗೆ ಬಣ್ಣ ಬಳಿದುಕೊಂಡಳು.
ಬಗ್ಗಿ ತೊಳೆದದ್ದು ಟೈಲ್ಸಿನ ಸಂದಿಗೆ ಇಳಿದು
ಒಂದು ಮೊಳ ನೀಲಿ.
ಸೋಡಾ ಹಾಕಿದೆ, ಬ್ಲೀಚು ಹಾಕಿದೆ,
ನೀಲಿ ಜಗ್ಗಲಿಲ್ಲ.
'ಬಿಡಮ್ಮ,' ಅಂದಳು ಹಿಂದಿನಿಂದ,
'ಈ ಮನೆಯಲ್ಲಿ ನಾನು ಕಟ್ಟಿದ್ದು ಅಂತ
ಅದೊಂದಾದರೂ ಇರಲಿ.'
ಅದರ ಮೇಲೆ ಬೆತ್ತದ ಬುಟ್ಟಿ ಇಟ್ಟೆವು.
ಬುಟ್ಟಿಯೊಳಗೆ ಸುತ್ತಿದ ಟವೆಲ್ಲು, ಏನೋ ಗುಟ್ಟಿರುವಂತೆ.

ಗುರುವಾರದಿಂದ ನಮ್ಮ ಸ್ನಾನ ಊರ ಈಜುಕೊಳದಲ್ಲಿ.
ಸೌನಾದ ಹಲಗೆಯ ಮೇಲೆ
ಮೈಬಿಟ್ಟು ಕೂತ ಮುದುಕಿಯರು ಕೇಳುತ್ತಾರೆ:
ಮನೆಯಲ್ಲಿ ನೀರಿಲ್ಲವೇ?
ಇದೆ. ತೋರಿಸಲಿಕ್ಕೆ ಇದೆ.

ಭಾನುವಾರ ಬೀದಿಯಾಚೆ, ಕಾರಿನಲ್ಲಿ,
ಇಬ್ಬರಿಗೂ ಒಂದೇ ಲೋಟ ಕಾಫಿ.
ನಮ್ಮ ಮೆಟ್ಟಿಲ ಮೇಲೆ ಅಪರಿಚಿತರು ಬಗ್ಗಿ
ಪಾದಕ್ಕೆ ಪ್ಲಾಸ್ಟಿಕ್ಕಿನ ನೀಲಿ ಚೀಲ ತೊಡುತ್ತಿದ್ದರು.
'ನನ್ನ ನೀಲಿಯೇ,' ಅಂದಳು ಟಿಂಡ್ರಾ.
ಇಬ್ಬರಿಗೂ ನಗು ಬಂತು, ಗಾಜಿಗೆ ಮಂಜು ಕವಿಯಿತು,
ಒರೆಸಲಿಲ್ಲ.

ಎರಡೂಕಾಲಕ್ಕೆ ಬಾಗಿಲು ತೆಗೆದೆವು.
ಬುಟ್ಟಿ ಒಂದು ಗೇಣು ಸರಿದಿತ್ತು.
ಟವೆಲ್ಲೊಂದರ ಮಡಿಕೆ ಬಿಚ್ಚಿ,
ಕೆಳಗಿನ ಅಂಚಿನಲ್ಲಿ, ನನ್ನ ಮೊಣಕಾಲೆತ್ತರಕ್ಕೆ,
ಒದ್ದೆ, ಚಿಕ್ಕ ಚಿಕ್ಕ ಐದು ಬೆರಳು.
ಫ್ರೆಡ್‌ಹೋಮ್ ಕ್ಷಮೆ ಕೇಳಿದ:
'ಒಬ್ಬ ಹುಡುಗ. ಇದು ಯಾವ ನದಿ ಅಂತ ಕೇಳಿದ.
ನನಗೇನು ಗೊತ್ತು?'

ಅವನ ಕಾರು ತಿರುವು ದಾಟುವ ಮೊದಲೇ
ಟಿಂಡ್ರಾ ಆರ್ಕಿಡ್ಡನ್ನು ಕಿಟಕಿಗೆ ಎತ್ತಿಟ್ಟು
ಬಿಸಿನೀರು ಬಿಟ್ಟಳು.
ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತು
ತೊಟ್ಟಿ ತುಂಬುವುದನ್ನೇ ಕೇಳಿದೆ,
ಮನೆ ಮತ್ತೆ ಉಸಿರಾಡಿದಂತೆ ಅಂತ ಬರೆಯಬಹುದು,
ಆದರೆ ಅದು ಬರೀ ನೀರಿನ ಸದ್ದು, ನಮ್ಮದು.

ಮಂಗಳವಾರ ಸಂಜೆ ಮತ್ತೆ ಜನ ಬರುತ್ತಾರೆ.
ಬಿಳಿ ಟವೆಲ್ಲು ಒಂದು ಕೊಳ್ಳಬೇಕು.
ಇದ್ದದ್ದರಲ್ಲಿ ಒಂದು ನೀಲಿಯಾಗಿದೆ.